ಅದಿತಿಯ ಐದು ಭಾನುವಾರ

ದೇವನಹಳ್ಳಿಯಿಂದ ನಂದಿಬೆಟ್ಟದ ಕಡೆಗೆ ಹೋಗುವವರಿಗೆ ಕುಂದಾಣ ಹೋಬಳಿಯ ಕಾರಹಳ್ಳಿ ಹೊಸದಾಗಿ ಪರಿಚಯವಾಗಬೇಕಾದ ಊರಲ್ಲ. ಅಲ್ಲಿ ಉದ್ದನೆಯ ಕಾಂಪೌಂಡು ಗೋಡೆ. ಗೋಡೆಯ ಆಚೆ ಪ್ರೆಸ್ಟೀಜ್ ಗಾಲ್ಫ್‌ಶೈರ್‌ನ ಹದಿನೆಂಟು ಗುಳಿಗಳ ಗಾಲ್ಫ್ ಮೈದಾನ. ಗೋಡೆಯ ಈಚೆ ದ್ರಾಕ್ಷಿ ಚಪ್ಪರ, ರಾಗಿ ಹೊಲ, ಬತ್ತಿದ ಕೊಳವೆಬಾವಿ, ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹೆಣ್ಣುಮಕ್ಕಳು. ‘ಅದರೊಳಗೆ ಏನಾಡ್ತಾರೆ?’ ಎಂದು ಆ ಮಕ್ಕಳು ಕೇಳಿದರೆ, ಊರಿನ ಹಿರಿಯರು ಕೊಡುವ ಉತ್ತರ ಸುಲಭದ್ದು: ‘ದುಡ್ಡಿರೋರ ಗೋಲಿಯಾಟ.’

ಉತ್ತರ ಪೂರ್ತಿ ತಪ್ಪೇನಲ್ಲ. ಗೋಲಿಯಾಟದಲ್ಲೂ ಗುಳಿಯಿದೆ, ಗುಂಡಿದೆ, ಗುರಿಯಿದೆ. ಆದರೆ ಈ ಗೋಲಿಯಾಟದಲ್ಲಿ ಬೆಂಗಳೂರಿನ ಹೆಣ್ಣುಮಗಳೊಬ್ಬಳು 2023ರಲ್ಲಿ ಕಳೆದ ಒಂದು ಋತುವಿನ ಕಥೆಯನ್ನು ಕೇಳಿದವರು ಇದನ್ನು ಬರೀ ದುಡ್ಡಿನ ಆಟವೆಂದು ತಳ್ಳಿಹಾಕಲಾರರು. ಆಕೆ ಅದಿತಿ ಅಶೋಕ್. ಆ ವರ್ಷದ ಐದು ಭಾನುವಾರಗಳಲ್ಲಿ ಗೆಲುವಿನ ಎಲ್ಲ ಬಗೆಗಳನ್ನೂ ಸೋಲಿನ ಎಲ್ಲ ಬಗೆಗಳನ್ನೂ ಅವರು ಕಂಡರು.

ಭಾನುವಾರವೇ ಏಕೆ? ವೃತ್ತಿಪರ ಗಾಲ್ಫಿನ ವಾರವೇ ಹಾಗೆ. ದೊಡ್ಡ ಟೂರ್ನಿಗಳು ಸಾಮಾನ್ಯವಾಗಿ ಗುರುವಾರ ಆರಂಭವಾಗಿ ಭಾನುವಾರ ಮುಗಿಯುತ್ತವೆ. ದಿನಕ್ಕೆ ಹದಿನೆಂಟು ಗುಳಿ, ನಾಲ್ಕು ದಿನಕ್ಕೆ ಎಪ್ಪತ್ತೆರಡು. ಚೆಂಡನ್ನು ಗುಳಿಗೆ ಸೇರಿಸಲು ಒಟ್ಟು ಎಷ್ಟು ಹೊಡೆತ ಬೇಕಾಯಿತು ಎಂಬುದಷ್ಟೇ ಲೆಕ್ಕ. ಕಡಿಮೆ ಹೊಡೆದವರು ಗೆದ್ದರು. ಪ್ರತಿ ಗುಳಿಗೂ ಇಂತಿಷ್ಟು ಹೊಡೆತ ಸಾಕು ಎಂಬ ನಿಗದಿ ಇದೆ, ಅದೇ ‘ಪಾರ್’. ಅದಕ್ಕಿಂತ ಒಂದು ಕಡಿಮೆಯಾದರೆ ‘ಬರ್ಡಿ’, ಒಂದು ಹೆಚ್ಚಾದರೆ ‘ಬೋಗಿ’. ಮೊದಲೆರಡು ದಿನ ಮುಗಿದಾಗ ಹಿಂದೆ ಬಿದ್ದವರನ್ನು ಮನೆಗೆ ಕಳುಹಿಸುತ್ತಾರೆ. ಇದಕ್ಕೆ ‘ಕಟ್’ ಎಂದು ಹೆಸರು. ಕಟ್ ದಾಟದವರಿಗೆ ಬಹುಮಾನದ ಹಣದಲ್ಲಿ ಒಂದು ಕಾಸೂ ಇಲ್ಲ. ವಿಮಾನದ ಖರ್ಚು, ವಸತಿಯ ಖರ್ಚು, ಚೀಲ ಹೊರುವ ಕ್ಯಾಡಿಯ ಕೂಲಿ ಎಲ್ಲವೂ ಸ್ವಂತದ್ದು. ಶುಕ್ರವಾರ ಸಂಜೆಗೆ ಲೆಕ್ಕ ನೋಡಿದರೆ ಕೈಯಿಂದಲೇ ಹೋಗಿರುತ್ತದೆ. ಮಳೆ ನಂಬಿ ರಾಗಿ ಬಿತ್ತುವ ರೈತನಿಗೆ ಈ ಬದುಕನ್ನು ವಿವರಿಸಿ ಹೇಳಬೇಕಾಗಿಲ್ಲ.

<b>ಮೊದಲ ಮೂರು</b>

ಫೆಬ್ರವರಿ 5. ಕೀನ್ಯಾ ಕರಾವಳಿಯ ವಿಪಿಂಗೊ ರಿಡ್ಜ್. ಮ್ಯಾಜಿಕಲ್ ಕೀನ್ಯಾ ಲೇಡೀಸ್ ಓಪನ್ ಟೂರ್ನಿಯನ್ನು ಅದಿತಿ 12 ಅಂಡರ್ ಪಾರ್ ಅಂಕದೊಂದಿಗೆ ಗೆದ್ದರು. ಎರಡನೆಯ ಸ್ಥಾನದವರಿಗಿಂತ ಅಂತರ ಒಂಬತ್ತು ಹೊಡೆತ! ಒಂದು, ಎರಡು ಹೊಡೆತಗಳಲ್ಲಿ ಹಣೆಬರಹ ತೀರ್ಮಾನವಾಗುವ ಆಟದಲ್ಲಿ ಇದು ಅಪರೂಪದ ಸಂಗತಿ. ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಅವರಿಗೆ ಇದು ನಾಲ್ಕನೆಯ ಪ್ರಶಸ್ತಿ, 2017ರ ನಂತರ ಮೊದಲನೆಯದು. ಐದು ವರ್ಷಕ್ಕೂ ಮೀರಿದ ಬರಗಾಲದ ನಂತರ ಬಂದ ಮಳೆ.

ಫೆಬ್ರವರಿ 19. ಸೌದಿ ಅರೇಬಿಯಾ. ಐವತ್ತು ಲಕ್ಷ ಡಾಲರ್ ಬಹುಮಾನದ ಟೂರ್ನಿ. ಎದುರಿಗೆ ಆಗ ವಿಶ್ವದ ಒಂದನೆಯ ಶ್ರೇಯಾಂಕದಲ್ಲಿದ್ದ ನ್ಯೂಜಿಲೆಂಡಿನ ಲಿಡಿಯಾ ಕೊ. ಲಿಡಿಯಾ 21 ಅಂಡರ್, ಅದಿತಿ 20 ಅಂಡರ್. ಒಂದೇ ಒಂದು ಹೊಡೆತದ ಸೋಲು.

ಏಪ್ರಿಲ್ 30. ಅಮೆರಿಕದ ಲಾಸ್ ಏಂಜಲೀಸ್‌ನ ವಿಲ್‌ಶೈರ್ ಕಂಟ್ರಿ ಕ್ಲಬ್. ಇಲ್ಲಿ ಆಡುವುದು ಮಹಿಳಾ ಗಾಲ್ಫಿನ ಅತಿ ದೊಡ್ಡ ವೇದಿಕೆಯಾದ ಎಲ್‌ಪಿಜಿಎ ಟೂರ್. ಅಲ್ಲಿ ಅದುವರೆಗೆ ಭಾರತೀಯ ಮಹಿಳೆ ಯಾರೂ ಗೆದ್ದಿರಲಿಲ್ಲ. ಎಪ್ಪತ್ತೆರಡು ಗುಳಿಗಳು ಮುಗಿದಾಗ ಆಸ್ಟ್ರೇಲಿಯಾದ ಹನ್ನಾ ಗ್ರೀನ್, ಚೀನಾದ ಲಿನ್ ಶಿಯು, ಬೆಂಗಳೂರಿನ ಅದಿತಿ ಮೂವರೂ 9 ಅಂಡರ್. ಸಮಬಲವಾದರೆ ಹೆಚ್ಚುವರಿ ಗುಳಿ ಆಡಿಸುತ್ತಾರೆ. ಮೊದಲನೆಯ ಹೆಚ್ಚುವರಿ ಗುಳಿಯಲ್ಲೇ ಅದಿತಿ ಹೊರಬಿದ್ದರು, ಎರಡನೆಯದರಲ್ಲಿ ಹನ್ನಾ ಗೆದ್ದರು. ನಾಲ್ಕು ದಿನ ಸರಿಸಮ ಆಡಿದ ಮೇಲೆ ಒಂದು ಗುಳಿಯಲ್ಲಿ ಎಲ್ಲವೂ ಮುಗಿಯಿತು.

ಇಂಥ ‘ಒಂದು ಹೊಡೆತ’ ಅದಿತಿಗೆ ಹಳೆಯ ಪರಿಚಯ. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಅನೇಕರಿಗೆ ನೆನಪಿರಬಹುದು. ಶ್ರೇಯಾಂಕದಲ್ಲಿ ಇನ್ನೂರರ ಆಸುಪಾಸಿನಲ್ಲಿದ್ದ ಹುಡುಗಿ, ಕೆಲವೇ ತಿಂಗಳ ಹಿಂದೆ ಕೋವಿಡ್‌ನಿಂದ ಎದ್ದು ಬಂದವರು, ಮೂರು ದಿನ ಮುಗಿದಾಗ ಎರಡನೆಯ ಸ್ಥಾನದಲ್ಲಿದ್ದರು. ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಬೆಳಗಿನ ಜಾವಕ್ಕೇ ಟಿ.ವಿ. ಹಚ್ಚಿದರು. ಚೀಲ ಹೊತ್ತು ಜೊತೆಯಲ್ಲಿ ನಡೆದವರು ತಾಯಿ ಮಾಹೇಶ್ವರಿ. ಕೊನೆಗೆ ಅದಿತಿಯ ಒಟ್ಟು ಹೊಡೆತ 269. ಅಮೆರಿಕದ ನೆಲ್ಲಿ ಕೋರ್ಡಾ 267 ಹೊಡೆದು ಚಿನ್ನ ಗೆದ್ದರು. ಬೆಳ್ಳಿ ಕಂಚಿಗಾಗಿ ಹೆಚ್ಚುವರಿ ಗುಳಿ ಆಡಿದ ಜಪಾನಿನ ಮೊನೆ ಇನಾಮಿ ಮತ್ತು ಲಿಡಿಯಾ ಕೊ ತಲಾ 268. ಅದಿತಿ ನಾಲ್ಕನೆಯವರು. 269ರಲ್ಲಿ ಒಂದು ಎಂದರೆ ಶೇಕಡಾ ಅರ್ಧವೂ ಅಲ್ಲ. ದೊಡ್ಡಬಳ್ಳಾಪುರದ ಮಗ್ಗದಲ್ಲಿ ಸೀರೆಯೊಂದರಲ್ಲಿ ಒಂದು ಎಳೆ ತಪ್ಪಿದಂತೆ. ಆದರೆ ಕೊಳ್ಳುವವರ ಕಣ್ಣು ಬೀಳುವುದು ಆ ಎಳೆಯ ಮೇಲೆಯೇ.

<b>ಬಲವೋ, ಹದವೋ?</b>

ಟೋಕಿಯೊದಲ್ಲಿ ಆಟ ನೋಡಿದವರಿಗೆ ಒಂದು ವಿಚಿತ್ರ ಕಂಡಿತ್ತು. ಮೊದಲ ಹೊಡೆತದಲ್ಲಿ ಅದಿತಿಯ ಚೆಂಡು ಪ್ರತಿ ಸಲವೂ ಜೊತೆಯವರ ಚೆಂಡಿಗಿಂತ ಹಿಂದೆಯೇ ಬೀಳುತ್ತಿತ್ತು. ಆದರೂ ಲೆಕ್ಕದಲ್ಲಿ ಅವರು ಮುಂದೆ. ಇದು ಹೇಗೆ?

ಇದರ ಉತ್ತರ ಗಾಲ್ಫಿನ ಗಣಿತದಲ್ಲಿದೆ. ಪಾರ್ ನಿಗದಿ ಮಾಡುವಾಗ ಗುಳಿಯ ಸುತ್ತಲಿನ ನುಣ್ಣನೆಯ ಹಾಸಿನ ಮೇಲೆ, ಅಂದರೆ ‘ಗ್ರೀನ್’ ಮೇಲೆ, ಚೆಂಡನ್ನು ಉರುಳಿಸಲು ಗುಳಿಯೊಂದಕ್ಕೆ ಎರಡು ಹೊಡೆತ ಇಟ್ಟಿರುತ್ತಾರೆ. ಈ ಉರುಳಿಸುವ ಹೊಡೆತಕ್ಕೆ ‘ಪಟ್’ ಎಂದು ಹೆಸರು. ಹದಿನೆಂಟು ಗುಳಿಗೆ ಮೂವತ್ತಾರು ಪಟ್. ಒಟ್ಟು ಪಾರ್ 72 ಆದರೆ ಅದರಲ್ಲಿ ಸರಿಯಾಗಿ ಅರ್ಧ! ಇನ್ನೂರೈವತ್ತು ಗಜ ಹಾರಿಸಿದ ಭರ್ಜರಿ ಹೊಡೆತವೂ ಒಂದೇ, ಒಂದು ಗೇಣು ಉರುಳಿಸಿದ ಹೊಡೆತವೂ ಒಂದೇ. ಅದಿತಿಯ ಬಂಡವಾಳವಿರುವುದು ಈ ಉರುಳಿಸುವ ಅರ್ಧದಲ್ಲಿ.

ಹಾರಿಸುವ ವಿಜ್ಞಾನವೇ ಬೇರೆ, ಉರುಳಿಸುವ ವಿಜ್ಞಾನವೇ ಬೇರೆ. ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರಿಗೆ ಕಡಿಮೆ ಇರುವಂತಿಲ್ಲ. ಮೈತುಂಬ ಮುನ್ನೂರರಿಂದ ನಾನೂರೈವತ್ತರಷ್ಟು ಸಣ್ಣ ಕುಳಿಗಳು, ಸಿಡುಬು ಎದ್ದುಹೋದ ಮುಖದ ಹಾಗೆ. ಅಲಂಕಾರಕ್ಕಲ್ಲ. ನುಣ್ಣನೆಯ ಚೆಂಡು ಗಾಳಿಯಲ್ಲಿ ನುಗ್ಗಿದಾಗ ಅದರ ಬೆನ್ನ ಹಿಂದೆ ಅಗಲವಾದ ಸುಳಿ ಎದ್ದು ಅದನ್ನು ಹಿಂದಕ್ಕೆಳೆಯುತ್ತದೆ. ಈ ಕುಳಿಗಳು ಚೆಂಡಿಗಂಟಿದ ಗಾಳಿಯ ಪದರವನ್ನು ಕಲಕುತ್ತವೆ. ಕಲಕಿದ ಪದರ ಚೆಂಡಿನ ಮೈಯನ್ನು ಹೆಚ್ಚು ದೂರ ಅಪ್ಪಿಕೊಂಡು ಹೋಗುವುದರಿಂದ ಹಿಂದಿನ ಸುಳಿ ಕಿರಿದಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಚೆಂಡು ಹಿಮ್ಮುಖವಾಗಿ ತಿರುಗುತ್ತ ಹೋಗುವುದರಿಂದ ಗಾಳಿ ಅದನ್ನು ಮೇಲಕ್ಕೂ ಎತ್ತುತ್ತದೆ. ಕುಳಿಗಳಿಲ್ಲದ ಚೆಂಡು ಅದೇ ಹೊಡೆತಕ್ಕೆ ಹೆಚ್ಚುಕಡಿಮೆ ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ.

ನೆಲಕ್ಕೆ ಬಂದ ಮೇಲೆ ಗಾಳಿಯ ಆಟ ಮುಗಿಯಿತು, ಘರ್ಷಣೆಯ ಆಟ ಶುರು. ಹುಲ್ಲಿನ ಎತ್ತರ, ಬೆಳಗಿನ ಇಬ್ಬನಿ, ಮಧ್ಯಾಹ್ನದ ಬಿಸಿಲಿಗೆ ಒಣಗಿದ ಮಣ್ಣು, ಕಣ್ಣಿಗೆ ಕಾಣದ ಇಳಿಜಾರು, ಹುಲ್ಲು ಯಾವ ಕಡೆಗೆ ಒರಗಿ ಬೆಳೆದಿದೆ ಎಂಬುದು, ಇಷ್ಟನ್ನೂ ಲೆಕ್ಕ ಹಾಕಬೇಕು. ಗುಳಿಯ ಅಗಲ 108 ಮಿಲಿಮೀಟರ್, ಅಂದರೆ ಚೆಂಡಿನ ಎರಡೂವರೆಯಷ್ಟು. ನೇರ ನಡುವಿಗೇ ಬಂದ ಚೆಂಡು ಕೂಡ ಸೆಕೆಂಡಿಗೆ ಸುಮಾರು 1.6 ಮೀಟರ್ ವೇಗ ಮೀರಿದ್ದರೆ ಗುಳಿಯನ್ನು ಹಾರಿಕೊಂಡು ಹೋಗುತ್ತದೆ. ಅಂಚಿಗೆ ಬಂದದ್ದಾದರೆ ಇನ್ನೂ ಮೆತ್ತಗೆ ಬರಬೇಕು. ಬಲವಂತರಿಗೆ ಇಲ್ಲಿ ಬಲ ಉಪಯೋಗಕ್ಕೆ ಬಾರದು. ಒಗ್ಗರಣೆಗೆ ಸಾಸಿವೆ ಸಿಡಿಯುವ ಕ್ಷಣ ಬಲ್ಲವರ ಕೈಯಲ್ಲಿರುತ್ತದಲ್ಲ, ಅಂಥ ಹದ ಬೇಕು.

<b>ನಾಲ್ಕನೆಯ ಭಾನುವಾರ</b>

ಇನ್ನು ಅಕ್ಟೋಬರ್ 1. ಚೀನಾದ ಹಾಂಗ್‌ಝೌ ನಗರದಲ್ಲಿ ಏಷ್ಯನ್ ಕ್ರೀಡಾಕೂಟ. ಮಹಿಳೆಯರ ವಿಭಾಗದಲ್ಲಿ ಭಾರತಕ್ಕಾಗಿ ಆಡಿದ ಮೂವರೂ ಕರ್ನಾಟಕದವರು ಎಂಬುದು ಆ ಸಡಗರದಲ್ಲಿ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಬೆಂಗಳೂರಿನ ಅದಿತಿ, ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್. ಅವನಿಗೆ ಆಗಿನ್ನೂ ಹದಿಹರೆಯ.

ಅದಿತಿ ಮೊದಲ ದಿನ 67 ಹೊಡೆದರು, ಎರಡನೆಯ ದಿನ 66. ಮೂರನೆಯ ದಿನ 61! ಪಾರ್‌ಗಿಂತ ಹನ್ನೊಂದು ಕಡಿಮೆ. ಒಟ್ಟು 22 ಅಂಡರ್, ಏಳು ಹೊಡೆತಗಳ ಮುನ್ನಡೆ. ಶನಿವಾರ ರಾತ್ರಿ ಚಿನ್ನ ಕೊರಳಿಗೆ ಬಿದ್ದಂತೆಯೇ ಎಲ್ಲರೂ ಮಾತಾಡಿದರು.

ಭಾನುವಾರ ಅದಿತಿಯ ಹೊಡೆತಗಳು 77. ಒಂದೇ ಒಂದು ಬರ್ಡಿ, ನಾಲ್ಕು ಬೋಗಿ, ಒಂದು ಡಬಲ್ ಬೋಗಿ. ಏಳು ಹೊಡೆತ ಹಿಂದಿದ್ದ ಥಾಯ್ಲೆಂಡಿನ ಅರ್ಪಿಚಾಯ ಯೂಬೊಲ್ 68 ಹೊಡೆದು 19 ಅಂಡರ್‌ನಲ್ಲಿ ಮುಗಿಸಿದರು. ಅದಿತಿ 17 ಅಂಡರ್. ಚಿನ್ನ ಹೋಗಿ ಬೆಳ್ಳಿ ಉಳಿಯಿತು.

ಮರುದಿನ ಮಾತು ತಿರುಗಿತು. ‘ಒತ್ತಡ ತಡೆಯಲಾರದೆ ಕುಸಿದಳು’ ಎಂದರು. ಮೂರು ದಿನ ಕೂಡಿಟ್ಟದ್ದು ಒಂದು ದಿನದಲ್ಲಿ ಕರಗಿತೆಂದರೆ ಹಾಗನ್ನಿಸುವುದು ಸಹಜ. ಒತ್ತಡ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ನೋಡಿದರೆ ಮತ್ತೊಂದು ಸತ್ಯವೂ ಕಾಣುತ್ತದೆ. 67, 66, 61, 77. ಕೂಡಿದರೆ 271. ನಾಲ್ಕರಿಂದ ಭಾಗಿಸಿದರೆ ಸರಾಸರಿ 67.75. ಯಾವ ಆಟಗಾರ್ತಿಗೂ 61 ದಿನಬಳಕೆಯ ಅಂಕಿಯಲ್ಲ, ಅದು ಜಾತ್ರೆಯ ದಿನದ ಅಂಕಿ. ಪರೀಕ್ಷೆಯಲ್ಲಿ ನೂರಕ್ಕೆ 98 ತೆಗೆದ ಹುಡುಗಿ ಮುಂದಿನ ಸಲ 85 ತೆಗೆದರೆ ಓದು ಬಿಟ್ಟಳು ಎಂದು ಮನೆಯವರು ಗದರುತ್ತಾರೆ. ನಿಜವಾಗಿ ನಡೆದದ್ದೇನೆಂದರೆ, 98ರಲ್ಲಿ ಅವಳ ಶ್ರಮದ ಜೊತೆಗೆ ಆ ದಿನದ ಅದೃಷ್ಟವೂ ಸೇರಿತ್ತು. ಶ್ರಮ ಮರುದಿನಕ್ಕೂ ಉಳಿಯುತ್ತದೆ, ಅದೃಷ್ಟ ಉಳಿಯಬೇಕೆಂದಿಲ್ಲ. ಅತಿ ಎತ್ತರದ ಅಳತೆಯ ನಂತರದ ಅಳತೆ ಸರಾಸರಿಯ ಕಡೆಗೆ ಮರಳುವುದು ಪ್ರಕೃತಿಯ ವಾಡಿಕೆ ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ.

ಹಾಗೆಂದು 77ನ್ನು ಪೂರ್ತಿ ಸಂಖ್ಯಾಶಾಸ್ತ್ರದ ಮಡಿಲಿಗೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಅದಿತಿ ಆ ದಿನ ಸರಾಸರಿಗೆ ಮರಳಿದ್ದಲ್ಲ, ಅದನ್ನೂ ದಾಟಿ ಕೆಳಗೆ ಬಿದ್ದರು. ಸರಾಸರಿಯಷ್ಟೇ ಆಡಿದ್ದರೂ ಚಿನ್ನ ಅವರದಾಗಿರುತ್ತಿತ್ತು. ಅದು ಕೆಟ್ಟ ದಿನವೇ, ಅನುಮಾನವಿಲ್ಲ. ಆದರೆ ಕೆಟ್ಟ ದಿನ ಬೇರೆ, ಕೆಟ್ಟ ಆಟಗಾರ್ತಿ ಬೇರೆ. ಏಷ್ಯನ್ ಕ್ರೀಡಾಕೂಟದ ಗಾಲ್ಫಿನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಆ ಸಂಜೆ ಬೆಳ್ಳಿ ಧರಿಸಿ ನಿಂತಿದ್ದರು ಎಂಬುದು ಆ ಗದ್ದಲದಲ್ಲಿ ಮುಚ್ಚಿಹೋಯಿತು.

<b>ಐದನೆಯ ಭಾನುವಾರ</b>

ಎಂಟು ವಾರ ಕಳೆಯಿತು. ನವೆಂಬರ್ 26. ಸ್ಪೇನಿನ ಮಾರ್ಬೆಯಾ ಪಟ್ಟಣದ ಲಾಸ್ ಬ್ರಿಸಾಸ್ ಮೈದಾನ. ಯುರೋಪಿಯನ್ ಟೂರ್‌ನ ವರ್ಷದ ಕೊನೆಯ ಟೂರ್ನಿ. ಅದಿತಿ ಅದನ್ನು ಎರಡು ಹೊಡೆತಗಳ ಅಂತರದಿಂದ ಗೆದ್ದರು. ಒಂದು ವರ್ಷದಲ್ಲಿ ಎರಡನೆಯ ಪ್ರಶಸ್ತಿ, ಒಟ್ಟು ಐದನೆಯದು. ಆ ಭಾನುವಾರ ಟಿ.ವಿ. ಹಚ್ಚಿದ್ದವರು ಕಡಿಮೆ. ಹಾಂಗ್‌ಝೌನ ಸೋಲನ್ನು ನೋಡಿದ ದೇಶ ಮಾರ್ಬೆಯಾದ ಗೆಲುವನ್ನು ನೋಡಲಿಲ್ಲ.

ಸೋತ ಮೇಲೆ ಏನು ಮಾಡುತ್ತಾರೆ ಎಂಬುದಕ್ಕೆ ವೃತ್ತಿಪರ ಆಟ ಕೊಡುವ ಉತ್ತರ ಇಷ್ಟೇ: ಮುಂದಿನ ಗುರುವಾರ ಮತ್ತೆ ಮೊದಲ ಗುಳಿಯ ಮುಂದೆ ನಿಲ್ಲುತ್ತಾರೆ. ಹಿಂದಿನ ವಾರದ ಲೆಕ್ಕ ಅಲ್ಲಿಗೆ ಬರುವುದಿಲ್ಲ. ಎಲ್ಲರೂ ಸೊನ್ನೆಯಿಂದ. ಮುಂದೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದಿತಿ ಜಂಟಿ 29ನೆಯವರಾಗಿ ಮುಗಿಸಿದರು. ಅಲ್ಲೂ ಅಷ್ಟೇ, ಟೋಕಿಯೊದ ನಾಲ್ಕನೆಯ ಸ್ಥಾನವನ್ನು ಯಾರೂ ಮುಂಗಡವಾಗಿ ಕೊಡಲಿಲ್ಲ.

<b>ಗೋಡೆಯ ಆಚೆ, ಈಚೆ</b>

ಅದಿತಿ ಐದೂವರೆ ವರ್ಷದ ಮಗುವಾಗಿದ್ದಾಗ ಈ ಆಟಕ್ಕೆ ಬಂದದ್ದು ಆಕಸ್ಮಿಕವಾಗಿ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣುವ ಹೋಟೆಲಿನಲ್ಲಿ ತಂದೆತಾಯಿಯ ಜೊತೆ ತಿಂಡಿ ತಿನ್ನುತ್ತಿದ್ದಾಗ ಕಂಡ ದೃಶ್ಯ ಮಗುವಿನ ಕುತೂಹಲ ಕೆರಳಿಸಿತು. ತಂದೆತಾಯಿ ಒಳಗೆ ಕರೆದೊಯ್ದರು, ತಾವೂ ಕಲಿತರು. 2015ರ ಡಿಸೆಂಬರಿನಲ್ಲಿ ಯುರೋಪಿಯನ್ ಟೂರ್‌ನ ಅರ್ಹತಾ ಪರೀಕ್ಷೆಯಲ್ಲಿ ಅದಿತಿ ಮೊದಲಿಗರಾದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆಯೇ ಚೀಲ ಹೊತ್ತರು. ಅದೇ ವರ್ಷದ ನವೆಂಬರಿನಲ್ಲಿ ಗುರುಗ್ರಾಮದಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದು, ಯುರೋಪಿಯನ್ ಟೂರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಇಡೀ ಮನೆ ಒಂದು ಮಗುವಿನ ಆಟದ ಹಿಂದೆ ನಿಂತಿತು. ನಿಲ್ಲುವ ಶಕ್ತಿಯೂ ಆ ಮನೆಗಿತ್ತು.

ಶಕ್ತಿ ಇಲ್ಲದ ಮನೆಯವರಿಗೆ ದಾರಿ ಇಲ್ಲವೇ? ಗಂಡುಮಕ್ಕಳಿಗೆ ಒಂದು ಕಿರುದಾರಿ ಇದೆ. ಬಿಡದಿ ಬಳಿಯ ಹಳ್ಳಿಯ ಚಿಕ್ಕರಂಗಪ್ಪ ಅಲ್ಲಿನ ಈಗಲ್‌ಟನ್ ಮೈದಾನದಲ್ಲಿ ಚೆಂಡು ಹುಡುಕಿಕೊಡುತ್ತ, ಕ್ಯಾಡಿಯಾಗಿ ಚೀಲ ಹೊರುತ್ತ ಆಟ ಕಲಿತು, ದೇಶದ ವೃತ್ತಿಪರ ಟೂರ್‌ನಲ್ಲಿ ಹಲವು ಪ್ರಶಸ್ತಿ ಗೆದ್ದ ಆಟಗಾರರಾದರು. ಬೆಂಗಳೂರಿನ ಮೈದಾನಗಳಲ್ಲಿ ಕ್ಯಾಡಿ ಕೆಲಸದಿಂದಲೇ ಆಟಕ್ಕೆ ಬಂದವರು ಇನ್ನೂ ಇದ್ದಾರೆ. ಆದರೆ ನಮ್ಮಲ್ಲಿ ಚೀಲ ಹೊರುವುದು ಹೆಚ್ಚಾಗಿ ಗಂಡುಮಕ್ಕಳ ಕೆಲಸ. ಹಳ್ಳಿಯ ಹೆಣ್ಣುಮಕ್ಕಳು ಗೋಡೆಯೊಳಗೆ ಹೋದರೆ ಹುಲ್ಲಿನ ಕಳೆ ಕೀಳಲು ಹೋಗುತ್ತಾರೆ. ಹಸಿರನ್ನು ಹಸಿರಾಗಿಡುವ ಕೈಗಳಿಗೆ ಕೋಲು ಹಿಡಿಯುವ ಅವಕಾಶವಿಲ್ಲ. ಥಾಯ್ಲೆಂಡಿನಲ್ಲಿ ಕ್ಯಾಡಿಗಳು ಬಹುತೇಕ ಮಹಿಳೆಯರೇ. ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ಹುಡುಗಿಯ ದೇಶ ಅದು ಎಂಬುದನ್ನು ನೆನೆಯಬಹುದು.

ದಕ್ಷಿಣ ಕೊರಿಯಾದ ಉದಾಹರಣೆಯೂ ಇದೆ. ಅಲ್ಲಿನ ಪಾಕ್ ಸೆ ರಿ 1998ರಲ್ಲಿ ಅಮೆರಿಕದ ಮಹಿಳಾ ಓಪನ್ ಗೆದ್ದರು. ಅದಿತಿ ಹುಟ್ಟಿದ ವರ್ಷವೇ ಅದು. ಆ ಗೆಲುವನ್ನು ಟಿ.ವಿ.ಯಲ್ಲಿ ಕಂಡ ಹೆಣ್ಣುಮಕ್ಕಳ ಒಂದು ಪೀಳಿಗೆಯೇ ಕೋಲು ಹಿಡಿಯಿತು. ಅವರಲ್ಲೊಬ್ಬರಾದ ಪಾಕ್ ಇನ್‌ಬೀ 2016ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಬೆಟ್ಟಗುಡ್ಡಗಳ ಆ ದೇಶದಲ್ಲೂ ಮೈದಾನಕ್ಕೆ ಜಾಗ ಕಡಿಮೆ. ಅವರು ಊರೊಳಗೆ ಎತ್ತರದ ಬಲೆ ಕಟ್ಟಿ ಅದರೊಳಗೆ ಹೊಡೆದು ಕಲಿತರು.

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಇನ್ನಷ್ಟು ಗಾಲ್ಫ್ ಮೈದಾನ ಬೇಕೆಂದು ಯಾರೂ ಕೇಳಲಾರರು. ಒಂದು ಮೈದಾನಕ್ಕೆ ನೂರು ಎಕರೆಗೂ ಮೀರಿ ನೆಲ ಬೇಕು, ದಿನವೂ ನೀರು ಬೇಕು. ನಂದಿಯಲ್ಲಿ ಹುಟ್ಟುವ ಅರ್ಕಾವತಿ, ಹೊಸಕೋಟೆಯ ಮೇಲೆ ಹೋಗುವ ದಕ್ಷಿಣ ಪಿನಾಕಿನಿ ಎರಡೂ ವರ್ಷದ ಬಹುಪಾಲು ಒಣಗಿರುವ ನಾಡಿದು. ಹುಲ್ಲಿಗೆ ಸಂಸ್ಕರಿಸಿದ ಕೊಳಚೆ ನೀರೇ ಸಾಕು, ಕೊಳವೆಬಾವಿಯ ನೀರು ಕುಡಿಯಲಿಕ್ಕಿರಲಿ ಎಂಬುದು ನ್ಯಾಯವಾದ ಮಾತು.

ಆದರೆ ಇರುವ ಮೈದಾನದ ಗೇಟು ವಾರಕ್ಕೊಂದು ಬೆಳಿಗ್ಗೆ ಪಕ್ಕದ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ತೆರೆಯಲು ನೂರು ಎಕರೆ ಬೇಕಾಗಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಬಲೆ ಕಟ್ಟಲು ಹೆಚ್ಚು ಖರ್ಚಿಲ್ಲ. ಆಟದ ಅರ್ಧ ಪಾಲಾದ ಪಟ್ ಕಲಿಯಲು ಸಮತಟ್ಟಾದ ಹತ್ತು ಮಾರು ನೆಲ, ಒಂದು ಹಳೆಯ ಕೋಲು, ಒಂದು ಗುಳಿ ಸಾಕು. ಇಳಿಜಾರು, ಘರ್ಷಣೆ, ವೇಗ ಎಂಬ ಪಾಠಗಳಿಗೆ ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆಯೂ ಸಿಗದು. ಎಲ್ಲರೂ ಅದಿತಿಯಾಗಬೇಕಿಲ್ಲ. ನೂರರಲ್ಲಿ ಒಬ್ಬಳಿಗೆ ಆ ಹದ ಹುಟ್ಟಿನಿಂದಲೇ ಕೈಯಲ್ಲಿರಬಹುದು. ಕೋಲನ್ನು ಒಮ್ಮೆಯೂ ಹಿಡಿಯದಿದ್ದರೆ ಅದು ಅವಳಿಗೂ ತಿಳಿಯುವುದಿಲ್ಲ, ಊರಿಗೂ ತಿಳಿಯುವುದಿಲ್ಲ.

ಗುಳಿಯ ಅಗಲ ಕೀನ್ಯಾದಲ್ಲೂ 108 ಮಿಲಿಮೀಟರ್, ಮಾರ್ಬೆಯಾದಲ್ಲೂ ಅಷ್ಟೇ, ಕಾರಹಳ್ಳಿಯಲ್ಲೂ ಅಷ್ಟೇ. ಶಾಲೆಯ ಅಂಗಳದಲ್ಲಿ ತೋಡಿದರೂ ಅಷ್ಟೇ ಅಗಲ ತೋಡಿದರಾಯಿತು. ಸ್ಕೇಲು ಹೇಗೂ ಮಕ್ಕಳ ಚೀಲದಲ್ಲೇ ಇರುತ್ತದೆ.